‘ಕರೆಂಟ್’ ಕೊಟ್ಟ ಮೇಲಿನ ಸುಸ್ತು: ಹಾಸಿಗೆ ಹಿಡಿಯಬೇಕಾ, ಚಿಕಿತ್ಸೆ ನಿಲ್ಲಿಸಬೇಕಾ?

ಸ್ತನ ಕ್ಯಾನ್ಸರ್‌ಗೆ ವಿಕಿರಣ ಚಿಕಿತ್ಸೆ ನಡೆಯುತ್ತಿರುವ ಮನೆಗೆ ಮೊಬೈಲ್‌ನಲ್ಲಿ ಬರುವ ಸಲಹೆಗಳಿಗೆ ಲೆಕ್ಕವಿಲ್ಲ. ‘ಕರೆಂಟ್ ಕೊಟ್ಟವರು ಮೂರು ತಿಂಗಳು ಹಾಸಿಗೆ ಬಿಟ್ಟು ಏಳಬಾರದು’. ‘ಸುಸ್ತು ಜಾಸ್ತಿಯಾದರೆ ಕಾಯಿಲೆ ಹರಡುತ್ತಿದೆ ಎಂದರ್ಥ, ಅಲ್ಲಿಗೇ ನಿಲ್ಲಿಸಿ’. ‘ಮೀನು ನಂಜು, ಗಂಜಿ ಮಾತ್ರ ಕೊಡಿ’. ‘ಮಕ್ಕಳನ್ನು ಹತ್ತಿರ ಬಿಡಬೇಡಿ’. ಕಳಿಸುವವರ ಮನಸ್ಸು ಒಳ್ಳೆಯದೇ ಇರುತ್ತದೆ. ಆದರೆ ಈ ನಾಲ್ಕರಲ್ಲಿ ಒಂದೂ ಸರಿಯಲ್ಲ. ಎರಡನೆಯದಂತೂ ಜೀವಕ್ಕೇ ಎರವಾಗಬಹುದು.

ಆಸ್ಪತ್ರೆಯವರು ರೇಡಿಯೇಷನ್ ಎನ್ನುವುದನ್ನು ನಮ್ಮ ಜನ ‘ಕರೆಂಟ್ ಕೊಡುವುದು’ ಎನ್ನುತ್ತಾರೆ. ಹೆಸರು ಪೂರ್ತಿ ತಪ್ಪೇನಲ್ಲ, ಈಗಿನ ಯಂತ್ರ ಓಡುವುದು ವಿದ್ಯುತ್ತಿನಿಂದಲೇ. ಆದರೆ ಮೈಯೊಳಗೆ ಹೋಗುವುದು ವಿದ್ಯುತ್ತಲ್ಲ, ಎಕ್ಸ್‌-ರೇ ಜಾತಿಯ, ಅದಕ್ಕಿಂತ ಬಹಳ ಬಲವಾದ ಕಿರಣ. ಶಾಕ್ ಹೊಡೆಯುವುದಿಲ್ಲ, ಕಿರಣ ಬಿಡುವಾಗ ನೋವೂ ಇರುವುದಿಲ್ಲ. ಕೈಯನ್ನು ತಲೆಯ ಮೇಲಕ್ಕೆತ್ತಿ ಹತ್ತು–ಹದಿನೈದು ನಿಮಿಷ ಅಲುಗಾಡದೆ ಮಲಗಿದರೆ ಆ ದಿನದ ಕೆಲಸ ಮುಗಿಯಿತು. ವಾರಕ್ಕೆ ಐದು ದಿನ, ಸಾಮಾನ್ಯವಾಗಿ ಮೂರರಿಂದ ಐದು ವಾರ.

ಮೊದಲ ವಾರ ‘ಇಷ್ಟೇನಾ’ ಎನಿಸುತ್ತದೆ. ಎರಡನೇ ವಾರದ ಕೊನೆಗೋ ಮೂರನೇ ವಾರಕ್ಕೋ ಸುಸ್ತು ಶುರುವಾಗುತ್ತದೆ.

ಇದು ಎಂಥ ಸುಸ್ತು?

ದಿನವಿಡೀ ನಾಟಿ ಮಾಡಿ ಬಂದವರ ಸುಸ್ತು ಒಂದು ರಾತ್ರಿ ಚೆನ್ನಾಗಿ ನಿದ್ದೆ ಮಾಡಿದರೆ ಇಳಿಯುತ್ತದೆ. ಇದು ಹಾಗಲ್ಲ. ಎಂಟು ಗಂಟೆ ಮಲಗಿ ಎದ್ದರೂ ಮೈ ಭಾರ. ಒಂದು ಕೊಡ ನೀರು ಎತ್ತಿದರೆ, ತಲೆ ಬಾಚಿಕೊಂಡರೆ ಕೂರಬೇಕು ಅನಿಸುತ್ತದೆ. ಮಾತಿನ ನಡುವೆ ಹೇಳುತ್ತಿದ್ದುದೇ ಮರೆತುಹೋಗುತ್ತದೆ. ನೋಡುವವರ ಕಣ್ಣಿಗೆ ಏನೂ ಆಗಿಲ್ಲ, ಜ್ವರವಿಲ್ಲ, ವಾಂತಿಯಿಲ್ಲ, ತಲೆಗೂದಲೂ ವಿಕಿರಣದಿಂದ ಉದುರುವುದಿಲ್ಲ. ಕೂದಲು ಹೋಗಿದ್ದರೆ ಅದು ಮೊದಲು ಕೊಟ್ಟ ಕೀಮೋದಿಂದ. ಹಾಗಾಗಿ ‘ಕರೆಂಟ್ ತೆಗೆದುಕೊಂಡು ಬಂದು ಮಲಗಿಬಿಡ್ತಾಳೆ’ ಎಂಬ ಮಾತು ಅಡುಗೆಮನೆಯಲ್ಲಿ ಹುಟ್ಟಿಕೊಳ್ಳುವುದು ಸುಲಭ.

ವಿಕಿರಣವು ಕ್ಯಾನ್ಸರ್ ಕೋಶದ ಡಿಎನ್‌ಎಯನ್ನು ಮುರಿಯುತ್ತದೆ. ಸುತ್ತಲಿನ ಒಳ್ಳೆಯ ಕೋಶಗಳಿಗೂ ಸ್ವಲ್ಪ ಪೆಟ್ಟು ಬೀಳುತ್ತದೆ, ಆದರೆ ಅವು ರಿಪೇರಿ ಮಾಡಿಕೊಳ್ಳುತ್ತವೆ. ಈ ರಿಪೇರಿಯ ಸಮಯದಲ್ಲಿ ರೋಗನಿರೋಧಕ ವ್ಯವಸ್ಥೆ ಉರಿಯೂತದ ರಾಸಾಯನಿಕ ಸಂದೇಶಗಳನ್ನು ರಕ್ತಕ್ಕೆ ಬಿಡುತ್ತದೆ. ಫ್ಲೂ ಬಂದಾಗ ಮೈ ಕೈ ಸೋತು ‘ಸುಮ್ಮನೆ ಬಿದ್ದುಕೊಳ್ಳೋಣ’ ಅನಿಸುವುದೂ ಇಂಥದೇ ಸಂದೇಶಗಳು ಮಿದುಳಿಗೆ ತಲುಪುವುದರಿಂದ. ಲಾಸ್ ಏಂಜಲೀಸ್‌ನ ಸಂಶೋಧಕಿ ಜೂಲಿಯನ್ ಬೋವರ್ ಮತ್ತು ಸಂಗಡಿಗರು ವಿಕಿರಣ ಪಡೆಯುತ್ತಿದ್ದವರ ರಕ್ತ ಪರೀಕ್ಷಿಸಿ, ಉರಿಯೂತದ ಸೂಚಕಗಳು ಏರಿದಾಗ ದಣಿವೂ ಏರುತ್ತಿತ್ತು ಎಂದು 2009ರಲ್ಲಿ ವರದಿ ಮಾಡಿದ್ದರು. ಅಂದರೆ ಈ ಸುಸ್ತು ಮನಸ್ಸಿನ ಕಲ್ಪನೆಯಲ್ಲ, ಸೋಮಾರಿತನವೂ ಅಲ್ಲ. ಚಿಕಿತ್ಸೆಯ ನಡುವೆ ಹೀಗೆ ನಿಧಾನವಾಗಿ ಏರುವ ಸುಸ್ತಿಗೂ ಕಾಯಿಲೆ ಹರಡುವುದಕ್ಕೂ ಸಂಬಂಧವಿಲ್ಲ.

ಹಾಗಿದ್ದೂ ಹೆದರಿ ನಿಲ್ಲಿಸಿದರೆ ಏನಾಗುತ್ತದೆ? ಸ್ತನವನ್ನು ಉಳಿಸಿಕೊಂಡು ಗಡ್ಡೆ ಮಾತ್ರ ತೆಗೆದ 10,801 ಮಹಿಳೆಯರ ಮಾಹಿತಿಯನ್ನು, 17 ಅಧ್ಯಯನಗಳಿಂದ ಒಟ್ಟುಗೂಡಿಸಿ 2011ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಲಾಯಿತು. ವಿಕಿರಣ ಪಡೆಯದವರಲ್ಲಿ ಹತ್ತು ವರ್ಷದೊಳಗೆ ನೂರಕ್ಕೆ 35 ಮಂದಿಗೆ ಕಾಯಿಲೆ ಮರುಕಳಿಸಿತ್ತು. ಪಡೆದವರಲ್ಲಿ ಅದು 19. ಮೂರನೇ ವಾರದ ಸುಸ್ತಿಗೆ ಹೆದರಿ ಮನೆಯಲ್ಲಿ ಉಳಿದವರು ಕಳೆದುಕೊಳ್ಳುವುದು ಈ ರಕ್ಷಣೆಯನ್ನು. ಬಸ್ ತಪ್ಪಿತು, ಜ್ವರ ಬಂತು, ಮನೆಯಲ್ಲಿ ಸಾವಾಯಿತು ಎಂದು ಒಂದು ದಿನ ತಪ್ಪಿದರೆ ಗಾಬರಿಯಾಗಬೇಡಿ. ಆಸ್ಪತ್ರೆಗೆ ಫೋನ್ ಮಾಡಿ ತಿಳಿಸಿ, ಅದನ್ನು ಸರಿದೂಗಿಸುವುದು ಹೇಗೆ ಎಂದು ಅವರು ನೋಡುತ್ತಾರೆ. ಹೇಳದೆ ಕೇಳದೆ ವಾರಗಟ್ಟಲೆ ಬಿಡುವುದೇ ಅಪಾಯ.

ರಸ್ತೆಯ ಸುಸ್ತು

ಈ ವಿಷಯಕ್ಕೆ ಕುಮಟಾ, ಹೊನ್ನಾವರ, ಭಟ್ಕಳದ ಹೆಸರನ್ನು ನಾವು ಎತ್ತಿಕೊಂಡಿರುವುದಕ್ಕೆ ಕಾರಣವಿದೆ. ದೊಡ್ಡ ಕಾಯಿಲೆ ಅಂದರೆ ಈ ಊರುಗಳವರಿಗೆ ಮೊದಲು ನೆನಪಾಗುವುದು ರಾಷ್ಟ್ರೀಯ ಹೆದ್ದಾರಿ 66. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕುಂದಾಪುರದ ಕಡೆ ಕರೆದೊಯ್ಯುತ್ತಿದ್ದ ಆ್ಯಂಬುಲೆನ್ಸ್ ಶಿರೂರು ಟೋಲ್ ಗೇಟ್‌ನಲ್ಲಿ ಪಲ್ಟಿಯಾಗಿ ನಾಲ್ವರು ತೀರಿಕೊಂಡದ್ದು, ಆಮೇಲೆ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಮೊಬೈಲ್‌ನಿಂದ ಬೀದಿಯವರೆಗೆ ಎದ್ದದ್ದು ಎಲ್ಲರಿಗೂ ನೆನಪಿದೆ. ತುರ್ತು ಕಾಯಿಲೆಯವರು ಈ ದಾರಿಯಲ್ಲಿ ಒಮ್ಮೆ ಹೋಗುತ್ತಾರೆ. ವಿಕಿರಣದವರು ದಿನಾ ಹೋಗಬೇಕು.

ಲೆಕ್ಕ ಹಾಕಿ ನೋಡಿ. ಭಟ್ಕಳದಿಂದ ಮಣಿಪಾಲಕ್ಕೆ ಸುಮಾರು 90 ಕಿಲೋಮೀಟರ್, ಕುಮಟಾದಿಂದ ಸುಮಾರು 150. ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವುದಾದರೆ ಕುಮಟಾದವರಿಗೆ ಹೆಚ್ಚುಕಡಿಮೆ ಅಷ್ಟೇ ದೂರ, ಜೊತೆಗೆ ಘಟ್ಟ ಹತ್ತಬೇಕು. ಮಂಗಳೂರು ಇನ್ನೂ ಆಚೆ. ಕುಮಟಾದವರು ಮಣಿಪಾಲಕ್ಕೆ 25 ದಿನ ಹೋಗಿ ಬಂದರೆ 7,500 ಕಿಲೋಮೀಟರ್ ಆಯಿತು. ಕಿರಣ ಬೀಳುವುದು ಕೆಲವೇ ನಿಮಿಷ, ಉಳಿದ ಆರೇಳು ಗಂಟೆ ರಸ್ತೆಯಲ್ಲಿ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಮನೆಯವರಿಗೆ ತಿಂಡಿ ಮಾಡಿಟ್ಟು, ತಾನು ಏನೂ ತಿನ್ನದೆ ಬಸ್ ಹತ್ತಿ, ಸಂಜೆ ಬಂದು ಮತ್ತೆ ಒಲೆ ಮುಂದೆ ನಿಲ್ಲುವವರ ಸುಸ್ತಿನಲ್ಲಿ ಯಂತ್ರದ ಪಾಲೆಷ್ಟು, ರಸ್ತೆಯ ಪಾಲೆಷ್ಟು? ಯಂತ್ರದ ಪಾಲನ್ನು ಪೂರ್ತಿ ತೆಗೆದುಹಾಕಲು ಆಗುವುದಿಲ್ಲ. ರಸ್ತೆಯ ಪಾಲನ್ನು ಮಾತ್ರ ಕಡಿಮೆ ಮಾಡಬಹುದು. ಹಾಗಾಗಿ ಚಿಕಿತ್ಸೆ ಶುರುವಾಗುವ ಮೊದಲೇ ಕೆಲವು ಪ್ರಶ್ನೆ ಕೇಳಿಬಿಡಿ.

ಎಲ್ಲಕ್ಕಿಂತ ಮುಖ್ಯವಾದದ್ದು: ‘ಡಾಕ್ಟ್ರೇ, ನನಗೆ ಎಷ್ಟು ದಿನ? ಕಡಿಮೆ ದಿನದಲ್ಲಿ ಮುಗಿಸಬಹುದಾ?’ ಹಿಂದೆ 25 ಸಲ ಕೊಡುತ್ತಿದ್ದುದನ್ನು ಈಗ ಬಹಳ ಕಡೆ 15 ಸಲಕ್ಕೆ ಇಳಿಸಿದ್ದಾರೆ. ಪ್ರತಿ ಸಲದ ಪ್ರಮಾಣ ತುಸು ಹೆಚ್ಚು, ದಿನ ಕಡಿಮೆ. ಬ್ರಿಟನ್ನಿನ ದೊಡ್ಡ ಅಧ್ಯಯನಗಳಲ್ಲಿ ಎರಡರ ಫಲವೂ ಒಂದೇ ಮಟ್ಟದ್ದಾಗಿತ್ತು. 2020ರಲ್ಲಿ ಅದೇ ದೇಶದ ಇನ್ನೊಂದು ಅಧ್ಯಯನ, ಆಯ್ದ ರೋಗಿಗಳಲ್ಲಿ ಒಂದೇ ವಾರದಲ್ಲಿ ಐದು ಸಲ ಕೊಟ್ಟು ಮುಗಿಸಬಹುದು ಎಂದೂ ತೋರಿಸಿತು. ಅಮೆರಿಕದ 287 ಮಹಿಳೆಯರ ಅಧ್ಯಯನವೊಂದರಲ್ಲಿ, ಕಡಿಮೆ ದಿನದ ಚಿಕಿತ್ಸೆ ಪಡೆದವರಲ್ಲಿ ಆರು ತಿಂಗಳ ಬಳಿಕ ‘ಮೈಯಲ್ಲಿ ಶಕ್ತಿಯಿಲ್ಲ’ ಎಂದವರೂ ‘ಮನೆಯವರನ್ನು ನೋಡಿಕೊಳ್ಳಲು ಆಗುತ್ತಿಲ್ಲ’ ಎಂದವರೂ ಕಡಿಮೆ ಇದ್ದರು. ಎಲ್ಲರಿಗೂ ಇದು ಹೊಂದುವುದಿಲ್ಲ, ನಿರ್ಧಾರ ವೈದ್ಯರದ್ದೇ. ಆದರೆ ಕೇಳುವುದರಲ್ಲಿ ತಪ್ಪೇನಿಲ್ಲ. ಹತ್ತು ದಿನ ಕಡಿಮೆಯಾದರೆ ಕುಮಟಾದವರಿಗೆ 3,000 ಕಿಲೋಮೀಟರ್ ಉಳಿಯಿತು.

ಸಮಯದ ಬಗ್ಗೆಯೂ ಕೇಳಿ. ದೂರದಿಂದ ಬರುವವರೆಂದು ಹೇಳಿದರೆ ಬಸ್ ಅಥವಾ ರೈಲಿನ ಹೊತ್ತಿಗೆ ಹೊಂದುವಂತೆ ದಿನಾ ಒಂದೇ ಸಮಯ ಕೊಡಲು ಸಾಧ್ಯವೇ ಎಂದು ಅವರು ನೋಡಬಹುದು. ಆಸ್ಪತ್ರೆಯ ಸಮಾಜ ಕಾರ್ಯಕರ್ತರ ಬಳಿ, ಹತ್ತಿರದಲ್ಲಿ ಕಡಿಮೆ ಬಾಡಿಗೆಯ ಕೋಣೆ ಇದೆಯೇ ಎಂದು ವಿಚಾರಿಸಿ. ಉಡುಪಿ, ಕುಂದಾಪುರದ ಕಡೆ ನೆಂಟರಿದ್ದರೆ ಸೋಮವಾರದಿಂದ ಶುಕ್ರವಾರ ಅಲ್ಲಿದ್ದು, ಶನಿವಾರ–ಭಾನುವಾರ ಮನೆಗೆ ಬರುವುದು ಎಷ್ಟೋ ಮೇಲು. ‘ಅವರಿಗೆ ಯಾಕೆ ತೊಂದರೆ’ ಎಂಬ ಸಂಕೋಚ ನಮ್ಮ ಕಡೆ ಜಾಸ್ತಿ. ಮದುವೆ ಮನೆಗೆ ಎಂಟು ದಿನ ಮೊದಲೇ ಹೋಗಿ ಕೂರುವ ನಾವು, ಚಿಕಿತ್ಸೆಗೆ ಮೂರು ವಾರ ಉಳಿಯಲು ಹಿಂಜರಿಯುತ್ತೇವೆ.

ದಿನಾ ಓಡಾಡುವುದು ಅನಿವಾರ್ಯವಾದರೆ, ಸಮಯ ಹೊಂದಿದಲ್ಲಿ ರೈಲು ಒಳ್ಳೆಯದು. ಕುಲುಕಾಟ ಕಡಿಮೆ, ಕಾಲು ಚಾಚಬಹುದು, ಶೌಚಾಲಯವಿದೆ. ಉಡುಪಿ ನಿಲ್ದಾಣ ಇರುವ ಇಂದ್ರಾಳಿಯಿಂದ ಮಣಿಪಾಲ ಕೆಲವೇ ಕಿಲೋಮೀಟರ್. ಚಿಕಿತ್ಸೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗಳಿಗೆ ರೈಲ್ವೆ ರಿಯಾಯಿತಿ ಕೊಡುತ್ತದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಸೆಕೆಂಡ್ ಕ್ಲಾಸ್‌ನಲ್ಲಿ ರೋಗಿಗೂ ಜೊತೆಗಾರರಿಗೂ ಮುಕ್ಕಾಲು ಪಾಲು ವಿನಾಯಿತಿ. ಸ್ಲೀಪರ್ ಮತ್ತು 3 ಎಸಿಯಲ್ಲಿ ರೋಗಿಗೆ ಪೂರ್ತಿ ವಿನಾಯಿತಿ, ಜೊತೆಗಾರರಿಗೆ ಮುಕ್ಕಾಲು ಪಾಲು. ಆಸ್ಪತ್ರೆಯಲ್ಲಿ ನಿಗದಿತ ನಮೂನೆಗೆ ಸಹಿ, ಮೊಹರು ಹಾಕಿಸಿ ಟಿಕೆಟ್ ಕೌಂಟರಿನಲ್ಲಿ ಕೊಡಬೇಕು. ಇನ್ನು ಬಸ್ಸಿನಲ್ಲಾದರೆ ‘ಶಕ್ತಿ’ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ 2023ರ ಜೂನ್ 11ರಿಂದ ಉಚಿತ. ಟಿಕೆಟ್ ಇಲ್ಲವೆಂಬುದೇನೋ ಸರಿ, ನಿಂತುಕೊಂಡು ಹೋಗಬೇಕಾಗಿ ಬಂದರೆ ಏನು ಬಂತು? ಕಂಡಕ್ಟರ್‌ಗೆ ವಿಷಯ ಹೇಳಿ ಸೀಟು ಕೇಳಲು ನಾಚಿಕೆ ಬೇಡ. ಸಾಧ್ಯವಾದಷ್ಟು ಮುಂದಿನ ಸೀಟು, ಕೈಚೀಲದಲ್ಲಿ ನೀರು, ಒಂದು ಬಾಳೆಹಣ್ಣು, ಎರಡು ಬೇಯಿಸಿದ ಮೊಟ್ಟೆ ಅಥವಾ ಒಂದು ಹಿಡಿ ಶೇಂಗಾ ಇರಲಿ.

ಮಲಗುವುದಕ್ಕಿಂತ ನಡೆಯುವುದು

ಸುಸ್ತಾದವರಿಗೆ ‘ನಡೆಯಿರಿ’ ಎಂದರೆ ಕ್ರೌರ್ಯದಂತೆ ಕೇಳಿಸುತ್ತದೆ. ಬರೆಯುವ ನಮಗೂ ಹಾಗೆಯೇ ಅನಿಸುತ್ತದೆ. ಆದರೆ ಈ ವಿಷಯದಲ್ಲಿ ಪುರಾವೆ ಒಂದೇ ದಿಕ್ಕಿನಲ್ಲಿದೆ. 2017ರಲ್ಲಿ ಜಾಮಾ ಆಂಕಾಲಜಿ ಪತ್ರಿಕೆಯಲ್ಲಿ ಕ್ಯಾನ್ಸರ್ ದಣಿವಿನ ಕುರಿತ 113 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ ವರದಿ ಬಂತು. ವ್ಯಾಯಾಮ ಮತ್ತು ಮಾನಸಿಕ ಬೆಂಬಲ, ಎರಡೂ ಮಾತ್ರೆಗಳಿಗಿಂತ ಹೆಚ್ಚು ಕೆಲಸ ಮಾಡಿದ್ದವು. ಸದಾ ಮಲಗಿದ್ದರೆ ಸ್ನಾಯು ಕರಗುತ್ತದೆ, ಸ್ನಾಯು ಕರಗಿದರೆ ಸಣ್ಣ ಕೆಲಸಕ್ಕೂ ಹೆಚ್ಚು ಶ್ರಮವಾಗುತ್ತದೆ, ಹಗಲು ಮಲಗಿದವರಿಗೆ ರಾತ್ರಿ ನಿದ್ದೆ ಬರುವುದಿಲ್ಲ, ಬೆಳಿಗ್ಗೆ ಎದ್ದಾಗ ಮೊದಲಿಗಿಂತ ಸುಸ್ತು. ಈ ಸುತ್ತನ್ನು ಎಲ್ಲಾದರೂ ಒಂದು ಕಡೆ ಕಡಿಯಬೇಕು.

ನಮ್ಮ ರಾಜ್ಯದಲ್ಲೇ ಇದರ ಪರೀಕ್ಷೆ ನಡೆದಿದೆ. ಬೆಂಗಳೂರಿನ ಎಸ್-ವ್ಯಾಸ ಯೋಗ ಸಂಸ್ಥೆಯ ಸಂಶೋಧಕರು ವಿಕಿರಣ ಪಡೆಯುತ್ತಿದ್ದ 88 ಸ್ತನ ಕ್ಯಾನ್ಸರ್ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆರು ವಾರ ಯೋಗ, ಇನ್ನೊಂದಕ್ಕೆ ಸಮಾಧಾನದ ಆಪ್ತಸಲಹೆ ಕೊಟ್ಟರು. 2009ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಯೋಗದ ಗುಂಪಿನವರಿಗೆ ದಣಿವು, ನಿದ್ದೆಗೇಡು, ಊಟ ಸೇರದಿರುವುದು ಕಡಿಮೆಯಾಗಿತ್ತು. ಇದೇ ಸಂಸ್ಥೆಯವರ ಜೊತೆಗೂಡಿ ಅಮೆರಿಕದ ಹ್ಯೂಸ್ಟನ್‌ನ ಎಂ.ಡಿ. ಆ್ಯಂಡರ್ಸನ್ ಕ್ಯಾನ್ಸರ್ ಕೇಂದ್ರ ನಡೆಸಿದ ಅಧ್ಯಯನ 2014ರಲ್ಲಿ ಬಂತು. ಅಲ್ಲಿ ಯೋಗದ ಗುಂಪಿನ ಜೊತೆ, ಸುಮ್ಮನೆ ಕೈಕಾಲು ಚಾಚುವ ವ್ಯಾಯಾಮ ಮಾಡುವ ಇನ್ನೊಂದು ಗುಂಪನ್ನೂ ಇಟ್ಟಿದ್ದರು. ವಿಕಿರಣ ಮುಗಿಯುವ ಹೊತ್ತಿಗೆ ಎರಡೂ ಗುಂಪಿನಲ್ಲಿ ಸುಸ್ತು ಕಡಿಮೆಯಿತ್ತು. ಓಡಾಡುವ, ಕೆಲಸ ಮಾಡುವ ಶಕ್ತಿಯಲ್ಲಿ ಯೋಗದವರು ಮುಂದಿದ್ದರು. ‘ಯೋಗದಿಂದ ಕ್ಯಾನ್ಸರ್ ಗುಣ’ ಎಂದು ಇದನ್ನೇ ಹಿಗ್ಗಿಸಿ ಫಾರ್ವರ್ಡ್ ಮಾಡುವವರಿದ್ದಾರೆ. ಈ ಅಧ್ಯಯನಗಳಲ್ಲಿ ಎಲ್ಲರೂ ವಿಕಿರಣ ಪಡೆಯುತ್ತಲೇ ಇದ್ದರು, ಯೋಗ ಅದರ ಜೊತೆಗಿತ್ತು ಅಷ್ಟೇ. ನಮಗೆ ಇವುಗಳಿಂದ ಕಾಣುವುದು ಇಷ್ಟು: ಮೈ ಆಡಿಸುವುದೇ ಮುಖ್ಯ, ಯಾವ ಹೆಸರಿನಲ್ಲಿ ಎಂಬುದು ಆಮೇಲಿನ ಮಾತು.

ಎಷ್ಟು ನಡೆಯಬೇಕು? ಮೊದಲು ಹತ್ತು ನಿಮಿಷ. ಆದರೆ ದಿನಾ. ಆಗುತ್ತದೆ ಅನಿಸಿದರೆ ಬೆಳಿಗ್ಗೆ ಹತ್ತು, ಸಂಜೆ ಹತ್ತು. ನಿಧಾನವಾಗಿ ಅರ್ಧ ಗಂಟೆಯವರೆಗೆ. ಪಕ್ಕದವರ ಜೊತೆ ಮಾತಾಡುತ್ತ ನಡೆಯಲು ಆಗುವಷ್ಟು ವೇಗ ಸಾಕು. ಏದುಸಿರು ಬಂದರೆ ಜಾಸ್ತಿಯಾಯಿತು. ಕರಾವಳಿಯ ಸೆಕೆಯಲ್ಲಿ ಹನ್ನೊಂದು ಗಂಟೆಯ ಬಿಸಿಲಿಗೆ ಹೋಗಬೇಡಿ, ವಿಕಿರಣ ಬಿದ್ದ ಚರ್ಮಕ್ಕೂ ಬಿಸಿಲು ಆಗುವುದಿಲ್ಲ. ಮಳೆಗಾಲದಲ್ಲಿ ಅಂಗಳ ಪಾಚಿ ಕಟ್ಟಿರುತ್ತದೆ, ಜಾರಿ ಬಿದ್ದರೆ ಇನ್ನೊಂದು ಆಸ್ಪತ್ರೆ. ಜಗಲಿಯ ಮೇಲೆ ಆಚೆಯಿಂದೀಚೆ ನಡೆದರೂ ಅದು ನಡಿಗೆಯೇ. ಕಾಸರಕೋಡಿನ ಕಡಲತೀರವೋ ಕುಮಟಾದ ಹೆಡ್ ಬಂದರೋ ಮನಸ್ಸಿಗೆ ಹಿತ, ಆದರೆ ಮೆತ್ತನೆಯ ಮರಳಿನಲ್ಲಿ ಕಾಲೆಳೆಯಲು ಎರಡು ಪಟ್ಟು ಶ್ರಮ. ಸಮುದ್ರ ನೋಡುತ್ತ ರಸ್ತೆಯಲ್ಲೇ ನಡೆಯಿರಿ.

ಭುಜದ ವ್ಯಾಯಾಮವನ್ನೂ ಬಿಡಬೇಡಿ. ಶಸ್ತ್ರಚಿಕಿತ್ಸೆಯಾದ ಕಡೆಯ ತೋಳು ಬಿಗಿದುಕೊಂಡರೆ ಕಿರಣ ಕೊಡುವಾಗ ಕೈ ಎತ್ತಿ ಮಲಗುವುದೇ ಕಷ್ಟ. ಹೇಗೆ ಮಾಡಬೇಕೆಂದು ಫಿಸಿಯೋಥೆರಪಿಯವರು ತೋರಿಸಿಕೊಡುತ್ತಾರೆ. ಹಗಲು ನಿದ್ದೆ ಬೇಕೇಬೇಕು ಅನಿಸಿದರೆ ಅರ್ಧ ಗಂಟೆ, ಮಧ್ಯಾಹ್ನ ಮೂರರೊಳಗೆ.

ಹಾಗೆಂದು ಮನೆಗೆಲಸವನ್ನೆಲ್ಲ ‘ವ್ಯಾಯಾಮ’ ಎಂದು ಇವರ ತಲೆಗೇ ಕಟ್ಟುವುದು ಬೇರೆ ಮಾತು. ‘ಮೈ ಆಡಿಸಬೇಕಂತೆ, ಹಾಗಾದ್ರೆ ಪಾತ್ರೆ ತೊಳಿ’ ಎನ್ನುವವರು ಈ ಲೇಖನವನ್ನು ತೋರಿಸದಿರಲಿ. ಬಾವಿಯಿಂದ ನೀರು ಸೇದುವುದು, ತಲೆ ಮೇಲೆ ಮೀನಿನ ಬುಟ್ಟಿ ಹೊರುವುದು, ಕಟ್ಟಿಗೆ ಒಡೆಯುವುದು, ದೊಡ್ಡ ಹಂಡೆ ಎತ್ತುವುದು ಈಗ ಬೇಡ. ಭಟ್ಕಳ ಮಲ್ಲಿಗೆ ಕಟ್ಟುವುದು, ತರಕಾರಿ ಹೆಚ್ಚುವುದು, ಮಗುವಿಗೆ ಪಾಠ ಹೇಳಿಕೊಡುವುದು ಮನಸ್ಸಿದ್ದರೆ ಮಾಡಬಹುದು. ದಿನದಲ್ಲಿ ಯಾವ ಹೊತ್ತಿಗೆ ಮೈ ಹಗುರ ಇರುತ್ತದೆ ಎಂದು ನಾಲ್ಕು ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಆ ಹೊತ್ತಿಗೆ ತನಗೆ ಇಷ್ಟವಾದ ಒಂದು ಕೆಲಸ ಇಟ್ಟುಕೊಳ್ಳುವುದು ಒಳ್ಳೆಯ ಉಪಾಯ. ಉಳಿದದ್ದನ್ನು ಮಗ, ಗಂಡ, ಮೈದುನ ಮಾಡಲಿ. ಅನ್ನ ಬೇಯಿಸಲು ಮೂರು ವಾರದಲ್ಲಿ ಯಾರಿಗಾದರೂ ಬಂದೇ ಬರುತ್ತದೆ.

ನಂಜು, ಪಥ್ಯ ಮತ್ತು ‘ಒಂದು ಬಾಟಲಿ’

ಗಾಯವಾದರೆ, ಆಪರೇಷನ್ ಆದರೆ ಬಂಗುಡೆ, ಬದನೆ, ಹಲಸು ‘ನಂಜು’ ಎಂಬ ನಂಬಿಕೆ ಕರಾವಳಿಯಲ್ಲಿ ಬಲವಾಗಿದೆ. ಕರೆಂಟ್ ಉಷ್ಣ ಎಂಬ ಮಾತೂ ಅದಕ್ಕೆ ಸೇರಿ, ಹೆಂಗಸಿಗೆ ಸಿಗುವುದು ಕೊನೆಗೆ ಕುಚಲಕ್ಕಿ ಗಂಜಿ, ಉಪ್ಪಿನಕಾಯಿ. ಗಂಜಿ ಬಗ್ಗೆ ನಮ್ಮ ತಕರಾರಿಲ್ಲ, ಊಟ ಸೇರದ ದಿನ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ರಿಪೇರಿ ನಡೆಯುತ್ತಿರುವ ಮೈಗೆ ಪ್ರೊಟೀನ್ ಬೇಕು. ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ ಕನಿಷ್ಠ ಒಂದು ಗ್ರಾಂ, ಆದರೆ ಅದಕ್ಕಿಂತ ಹೆಚ್ಚು. 55 ಕಿಲೋ ಇರುವವರಿಗೆ 55 ಗ್ರಾಂ ಎಂದಿಟ್ಟುಕೊಳ್ಳಿ. ಒಂದು ಬಟ್ಟಲು ಅನ್ನದಲ್ಲಿ ನಾಲ್ಕು ಗ್ರಾಂ ಆಸುಪಾಸು, ಒಂದು ಮೊಟ್ಟೆಯಲ್ಲಿ ಆರು, ನೂರು ಗ್ರಾಂ ಬಂಗುಡೆಯಲ್ಲಿ ಹತ್ತೊಂಬತ್ತು–ಇಪ್ಪತ್ತು. ಗಂಜಿಯೊಂದರಿಂದ ಲೆಕ್ಕ ತುಂಬುವುದೇ ಇಲ್ಲ. ಮೀನಿನಿಂದ ವಿಕಿರಣದ ಗಾಯ ಕೀವಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ನಿಮಗೆ ಮೊದಲಿನಿಂದ ಅಲರ್ಜಿ ಇಲ್ಲದ ಮೀನಾದರೆ ಧಾರಾಳವಾಗಿ ತಿನ್ನಿ. ಮೀನು ಮುಟ್ಟದವರು ಹೆಸರುಕಾಳು, ಕಡಲೆ, ತೊಗರಿಬೇಳೆ, ಮೊಸರು, ಹಾಲು ಹೆಚ್ಚಿಸಿಕೊಳ್ಳಲಿ. ಒಂದೆಲಗದ ತಂಬುಳಿ, ಮುರುಗಲು ಪಾನಕ ಬಾಯಿಗೆ ರುಚಿ ಕೊಡುತ್ತವೆ, ನೀರಿನಂಶವೂ ಸೇರುತ್ತದೆ, ಬೇಡ ಎನ್ನುವವರು ನಾವಲ್ಲ. ಅವು ಸುಸ್ತಿಗೆ ಔಷಧಿ ಎಂದರೆ ಮಾತ್ರ ಒಪ್ಪುವುದಿಲ್ಲ.

ಉಪವಾಸದ ಮಾತೂ ಬರುತ್ತದೆ. ರಂಜಾನ್ ತಿಂಗಳಲ್ಲಿ ಚಿಕಿತ್ಸೆ ಬಿದ್ದರೆ ಭಟ್ಕಳದ ಎಷ್ಟೋ ಹೆಣ್ಣುಮಕ್ಕಳು ರೋಜಾ ಬಿಡಲು ಒಪ್ಪುವುದಿಲ್ಲ. ಅತ್ತ ಸೋಮವಾರ, ಶನಿವಾರ, ಏಕಾದಶಿ ಹಿಡಿದವರೂ ಇದ್ದಾರೆ. ಸೆಕೆಯಲ್ಲಿ ದಿನವಿಡೀ ನೀರಿಲ್ಲದೆ ಬಸ್ಸಿನಲ್ಲಿ ಹೋಗಿಬಂದರೆ ಸುಸ್ತು ಏರದೆ ಇನ್ನೇನು? ಕಾಯಿಲೆಯವರಿಗೆ ರೋಜಾದಿಂದ ವಿನಾಯಿತಿ ಕುರ್‌ಆನ್‌ನಲ್ಲೇ ಇದೆ, ಗುಣವಾದ ಮೇಲೆ ಬಿಟ್ಟ ದಿನಗಳನ್ನು ತುಂಬಿಕೊಳ್ಳಬಹುದು. ವ್ರತವನ್ನೂ ಹಾಗೆಯೇ ಮುಂದಕ್ಕೆ ಹಾಕಬಹುದು. ಹಿರಿಯರಿಗೆ ಇದನ್ನು ವೈದ್ಯರ ಬಾಯಿಂದಲೋ ಮಸೀದಿಯ ಗುರುಗಳ ಬಾಯಿಂದಲೋ ಹೇಳಿಸಿದರೆ ಬೇಗ ನಾಟುತ್ತದೆ.

ಊರಿನ ಕ್ಲಿನಿಕ್‌ಗೆ ಹೋಗಿ ‘ಸುಸ್ತು, ಒಂದು ಬಾಟಲಿ ಹಾಕಿ’ ಎನ್ನುವುದು ನಮ್ಮಲ್ಲಿ ರೂಢಿ. ಅರ್ಧ ಲೀಟರಿನ ಸಾಮಾನ್ಯ ಗ್ಲೂಕೋಸ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ, ಉಳಿದದ್ದು ನೀರು. ಶಕ್ತಿಯ ಲೆಕ್ಕದಲ್ಲಿ ಒಂದು ಬಾಳೆಹಣ್ಣು. ನಾಲ್ಕು ನೂರು, ಐದು ನೂರು ಕೊಟ್ಟು ಬಾಳೆಹಣ್ಣನ್ನು ರಕ್ತನಾಳದ ಮೂಲಕ ತಿನ್ನುವ ಅಗತ್ಯವಿಲ್ಲ. ವಾಂತಿ, ಭೇದಿಯಾಗಿ ನೀರೇ ಇಳಿಯದಿದ್ದರೆ ಅದು ಬೇರೆ ಸಂದರ್ಭ. ಕಂಕುಳಿನ ಗಂಟುಗಳನ್ನು ತೆಗೆದಿರುವ ಕಡೆಯ ಕೈಗೆ ಸೂಜಿ ಚುಚ್ಚಿಸುವ ಮೊದಲು ಚಿಕಿತ್ಸೆ ಕೊಡುತ್ತಿರುವ ಆಸ್ಪತ್ರೆಯವರನ್ನು ಒಂದು ಮಾತು ಕೇಳಿ. ಅಂಗಡಿಯಲ್ಲಿ ಸಿಗುವ ವಿಟಮಿನ್ ಮಾತ್ರೆ, ಲೇಹ್ಯ, ಬೇರಿನ ಪುಡಿಗಳ ವಿಷಯದಲ್ಲೂ ಅಷ್ಟೇ: ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡಬೇಡಿ. ಕೆಲವು ಉತ್ಕರ್ಷಣ ನಿರೋಧಕ ಮಾತ್ರೆಗಳನ್ನು ಹೆಚ್ಚು ಪ್ರಮಾಣದಲ್ಲಿ ತೆಗೆದುಕೊಂಡರೆ ವಿಕಿರಣದ ಕೆಲಸಕ್ಕೇ ಅಡ್ಡಿಯಾಗಬಹುದೆಂಬ ಕಾರಣಕ್ಕೆ ವೈದ್ಯರು ಬೇಡ ಎನ್ನುತ್ತಾರೆ.

ಮಗುವನ್ನು ದೂರ ಇಡಬೇಕಾ?

ಬೇಡ. ಟಾರ್ಚ್ ಆರಿಸಿದ ಮೇಲೆ ಗೋಡೆ ಬೆಳಗುತ್ತ ಕೂರುವುದಿಲ್ಲ. ಯಂತ್ರ ಆಫ್ ಆದ ಕ್ಷಣಕ್ಕೆ ಮೈಯಲ್ಲಿ ಕಿರಣವೂ ಇಲ್ಲ. ಮೊಮ್ಮಗುವನ್ನು ಎತ್ತಿಕೊಳ್ಳಬಹುದು, ಒಂದೇ ಹಾಸಿಗೆಯಲ್ಲಿ ಮಲಗಬಹುದು, ಬಸುರಿ ಸೊಸೆ ಪಕ್ಕದಲ್ಲಿ ಕೂರಬಹುದು. ಈ ಗಾಳಿಸುದ್ದಿಗೆ ಒಂದು ಮೂಲವಿದೆ: ಥೈರಾಯ್ಡ್ ಕ್ಯಾನ್ಸರ್‌ಗೆ ವಿಕಿರಣಶೀಲ ಅಯೋಡಿನ್ ಕುಡಿಸಿದವರು ಕೆಲವು ದಿನ ನಿಜಕ್ಕೂ ಅಂತರ ಕಾಯಬೇಕು. ಅದನ್ನು ಇದಕ್ಕೆ ಅಂಟಿಸಿದ್ದಾರೆ. ಕೈಗಾ ಅಣುಸ್ಥಾವರವಿರುವ ಜಿಲ್ಲೆಯಲ್ಲಿ ‘ವಿಕಿರಣ’ ಎಂಬ ಪದಕ್ಕೇ ಜನ ಬೆಚ್ಚುವುದು ಸಹಜವೂ ಹೌದು. ಆದರೆ ಮಕ್ಕಳು ಹತ್ತಿರ ಬಾರದ ಕೋಣೆಯಲ್ಲಿ ಒಬ್ಬರೇ ಮಲಗಿದವರಿಗೆ ಸುಸ್ತಿನ ಮೇಲೆ ಸಂಕಟವೂ ಸೇರುತ್ತದೆ. ಬೇಸರ, ಅಳು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಎರಡು ವಾರ ಬಿಡದೆ ಇದ್ದರೆ ವೈದ್ಯರಿಗೆ ಹೇಳಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೂ ಮಾತಾಡಬಹುದು, ಕರೆಗೆ ಹಣವಿಲ್ಲ.

ಎಲ್ಲ ಸುಸ್ತೂ ಸಹಜವಲ್ಲ

ಇಲ್ಲಿಯವರೆಗೆ ‘ಇದು ಬರುವುದೇ’ ಎಂದೆವು. ಅದನ್ನೇ ಹಿಡಿದು ‘ಕರೆಂಟಿನ ಸುಸ್ತು, ಬಿಡಿ’ ಎಂದು ಎಲ್ಲವನ್ನೂ ಸಹಿಸುವುದೂ ತಪ್ಪು. ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಸ್ತನದ ಭಾಗಕ್ಕೆ ಮಾತ್ರ ಕೊಡುವ ವಿಕಿರಣ ರಕ್ತವನ್ನು ಅಷ್ಟೇನೂ ಇಳಿಸುವುದಿಲ್ಲ. ಆದರೆ ಮೊದಲೇ ಕಡಿಮೆ ಇದ್ದು, ಮೇಲೆ ಕೀಮೋ ಬೇರೆ ಆಗಿದ್ದರೆ ಹಿಮೋಗ್ಲೋಬಿನ್ ಎಷ್ಟಿದೆ ಎಂದು ನೋಡಿಸಲೇಬೇಕು. ಇದಕ್ಕೆ ಚಿಕಿತ್ಸೆ ಇದೆ. ಸಕ್ಕರೆ ಕಾಯಿಲೆ, ಥೈರಾಯ್ಡ್, ನಿದ್ದೆ ಕೆಡಿಸುವ ನೋವು, ಹೊಸದಾಗಿ ಶುರುವಾದ ಮಾತ್ರೆ, ಇವುಗಳಲ್ಲಿ ಯಾವುದಾದರೂ ಹಿಂದೆ ಅವಿತಿರಬಹುದು. ಹಾಗಾಗಿ ವಾರಕ್ಕೊಮ್ಮೆ ವೈದ್ಯರು ನೋಡುವಾಗ ‘ಹೇಗಿದ್ದೀರಿ’ ಎಂದರೆ ‘ಅಡ್ಡಿಲ್ಲ’ ಎಂದು ಎದ್ದು ಬರಬೇಡಿ. ಉತ್ತರ ಕನ್ನಡದವರಿಗೆ ಈ ‘ಅಡ್ಡಿಲ್ಲ’ ನಾಲಿಗೆ ತುದಿಯಲ್ಲೇ ಇರುತ್ತದೆ. ಸೊನ್ನೆಯಿಂದ ಹತ್ತರೊಳಗೆ ಸುಸ್ತಿಗೆ ಒಂದು ಅಂಕ ಕೊಡಿ. ಹೋದ ವಾರ ನಾಲ್ಕು, ಈ ವಾರ ಏಳು ಎಂದರೆ ವೈದ್ಯರಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತದೆ.

ಕೆಲವಕ್ಕೆ ಮುಂದಿನ ವಾರದವರೆಗೆ ಕಾಯುವಂತಿಲ್ಲ: 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಜ್ವರ, ಕೂತಲ್ಲೇ ಉಸಿರು ಸಿಕ್ಕುವುದು, ಎದೆನೋವು, ಒಂದೇ ಕಾಲು ಊದಿಕೊಂಡು ನೋಯುವುದು, ತಲೆ ಸುತ್ತಿ ಬೀಳುವುದು, ಇಡೀ ದಿನ ಹಾಸಿಗೆಯಿಂದ ಏಳಲಾಗದಿರುವುದು, ಕಿರಣ ಬಿದ್ದ ಚರ್ಮ ಒಡೆದು ಸೋರುವುದು. ಮಣಿಪಾಲವೋ ಮಂಗಳೂರೋ ದೂರವೆಂದು ಕೂರದೆ ಮೊದಲು ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಿ, ಅಲ್ಲಿಂದಲೇ ಚಿಕಿತ್ಸೆ ಕೊಡುತ್ತಿರುವ ವೈದ್ಯರಿಗೆ ಫೋನ್ ಮಾಡಿಸಿ. ಫೈಲು ಜೊತೆಗಿರಲಿ.

ಕೊನೆಯದಾಗಿ, ಮನೆಯವರು ಸಾಮಾನ್ಯವಾಗಿ ಎಡವುವ ಒಂದು ಜಾಗ. ಕೊನೆಯ ದಿನದ ಕರೆಂಟ್ ಮುಗಿಸಿ ಬಂದಾಗ ಎಲ್ಲರಿಗೂ ನಿರಾಳ. ಸಹಾಯಕ್ಕೆ ಬಂದಿದ್ದ ಅಕ್ಕ ಊರಿಗೆ ಹೊರಡುತ್ತಾಳೆ, ಮರುದಿನದಿಂದ ಅಡುಗೆಮನೆ ಮತ್ತೆ ಇವರ ಕೈಗೆ. ಆದರೆ ಸುಸ್ತಿನ ಲೆಕ್ಕ ಚಿಕಿತ್ಸೆಯ ಲೆಕ್ಕದ ಜೊತೆ ಮುಗಿಯುವುದಿಲ್ಲ. ಅನೇಕರಲ್ಲಿ ಅದು ಅತಿ ಹೆಚ್ಚಿರುವುದು ಕೊನೆಯ ವಾರದಲ್ಲಿ ಮತ್ತು ಮುಗಿದ ಮೇಲಿನ ಒಂದೆರಡು ವಾರಗಳಲ್ಲಿ. ಆಮೇಲೆ ವಾರದಿಂದ ವಾರಕ್ಕೆ ಇಳಿಯುತ್ತ ಹೋಗುತ್ತದೆ, ಕೆಲವರಿಗೆ ಒಂದೆರಡು ತಿಂಗಳು, ಕೆಲವರಿಗೆ ಇನ್ನೂ ಹೆಚ್ಚು. ಅಕ್ಕನ ವಾಪಸ್ ಟಿಕೆಟ್ ಮಾಡಿಸುವಾಗ ಆ ಎರಡು ವಾರವನ್ನೂ ಸೇರಿಸಿಕೊಳ್ಳಿ. ಆರು ತಿಂಗಳಾದರೂ ಸುಸ್ತು ಹಾಗೇ ಇದ್ದರೆ, ಅದರಲ್ಲೂ ಕುತ್ತಿಗೆಯ ಬುಡಕ್ಕೂ ವಿಕಿರಣ ಕೊಟ್ಟಿದ್ದರೆ, ಮುಂದಿನ ಭೇಟಿಯಲ್ಲಿ ಥೈರಾಯ್ಡ್ ಪರೀಕ್ಷೆ ಮಾಡಿಸಬೇಕಾ ಎಂದು ವೈದ್ಯರನ್ನು ಕೇಳಿ.